ಸಿಡ್ನಿ ಕಾಟನ್: ಬೀದರಿಗೆ ಬಂದೂಕು ಇಳಿಸಿದ ವೈಮಾನಿಕ

ಫ್ರೆಡರಿಕ್ ಸಿಡ್ನಿ ಕಾಟನ್ 1894ರ ಜೂನ್ 17ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಗೂರ್ಗಂಗಾ ಎಂಬ ದನ ಸಾಕಣೆಯ ದೊಡ್ಡ ಜಮೀನಿನಲ್ಲಿ ಹುಟ್ಟಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನ ಹಾರಿಸಿದ. ಎರಡನೆಯ ಮಹಾಯುದ್ಧದ ಮೊದಲ ವರ್ಷ ಬ್ರಿಟನ್ನಿನ ವೈಮಾನಿಕ ಛಾಯಾಗ್ರಹಣ ದಳವನ್ನು ಕಟ್ಟಿ ನಿಲ್ಲಿಸಿದ. 1948ರಲ್ಲಿ ನಿಜಾಮನ ಹೈದರಾಬಾದಿಗೆ ಕದ್ದುಮುಚ್ಚಿ ಶಸ್ತ್ರ ತಂದ. ಆ ಶಸ್ತ್ರ ಇಳಿದ ನೆಲಗಳಲ್ಲಿ ಒಂದು ಬೀದರ್, ಇನ್ನೊಂದು ವಾರಂಗಲ್. ವಿಮಾನಯಾನದ ಚರಿತ್ರೆ ಬರೆಯುವವರು ಮೊದಲೆರಡು ಸಂಗತಿಗಳಿಗೆ ಧಾರಾಳವಾಗಿ ಜಾಗ ಕೊಟ್ಟು, ಮೂರನೆಯದನ್ನು ಸಾಹಸಿಯೊಬ್ಬನ ನಡುವಯಸ್ಸಿನ ಹುಡುಗಾಟ ಎಂಬಂತೆ ದಾಟಿಸಿಬಿಡುತ್ತಾರೆ. ಹೈದರಾಬಾದ್ ವಿಮೋಚನೆಯ ಕಥೆ ಹೇಳುವವರು ಮೂರನೆಯದನ್ನಷ್ಟೇ ಹಿಡಿದುಕೊಂಡು ಆತನನ್ನು ಬಂದೂಕು ಸಾಗಿಸಿದ ಬಿಳಿಯನೊಬ್ಬ ಎಂದು ಬಿಡುತ್ತಾರೆ. ಆದರೆ ಬೀದರಿನ ಆ ರಾತ್ರಿ ಹಾರಾಟಗಳಲ್ಲಿ ಕೆಲಸಕ್ಕೆ ಬಂದದ್ದು ಹಿಂದಿನ ಮೂವತ್ತು ವರ್ಷಗಳಲ್ಲಿ ಆತ ಕಲಿತ ವಿದ್ಯೆಯೇ. ಅದೇ ವಿದ್ಯೆ 1940ರಲ್ಲಿ ಒಂದು ದೇಶಕ್ಕೆ ಕಣ್ಣು ಕೊಟ್ಟಿತು, 1948ರಲ್ಲಿ ಒಂದು ಸಂಸ್ಥಾನಕ್ಕೆ ಹುಸಿ ಧೈರ್ಯ ಕೊಟ್ಟಿತು. ಈ ವ್ಯತ್ಯಾಸ ಹೇಗೆ ಬಂತೆಂಬುದು ಆತನ ಜೀವನವನ್ನು ಮೊದಲಿಂದ ನೋಡಿದರೆ ತಿಳಿಯುತ್ತದೆ.

ಕಾಟನ್ ಅನುಕೂಲಸ್ಥರ ಮನೆಯ ಹುಡುಗ. 1910ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋದಾಗ ಚೆಲ್ಟನ್‌ಹ್ಯಾಮ್ ಕಾಲೇಜು ಸೇರಿದ. ಎರಡು ವರ್ಷಕ್ಕೆ ಆಸ್ಟ್ರೇಲಿಯಾಕ್ಕೆ ಮರಳಿ ದನಕರುಗಳ ನಡುವೆ ಕೆಲಸ ಕಲಿತ. ಯುದ್ಧ ಶುರುವಾದ ಮೇಲೆ, 1915ರಲ್ಲಿ, ಮತ್ತೆ ಇಂಗ್ಲೆಂಡಿಗೆ ಬಂದು ರಾಯಲ್ ನೇವಲ್ ಏರ್ ಸರ್ವಿಸ್ ಸೇರಿದ. ಬ್ರಿಟನ್ನಿಗೆ ಆಗಿನ್ನೂ ಪ್ರತ್ಯೇಕ ವಾಯುಪಡೆ ಇರಲಿಲ್ಲ. ಭೂಸೇನೆಗೊಂದು, ನೌಕಾಪಡೆಗೊಂದು ವಿಮಾನ ವಿಭಾಗ ಇತ್ತು. ಎರಡೂ ಕೂಡಿ ರಾಯಲ್ ಏರ್ ಫೋರ್ಸ್ ಆದದ್ದು 1918ರ ಏಪ್ರಿಲ್ 1ರಂದು. ಐದು ತಾಸು ಒಂಟಿಯಾಗಿ ಹಾರಿಸಿದವನನ್ನು ಪೈಲಟ್ ಎಂದು ಯುದ್ಧಕ್ಕೆ ಕಳಿಸುತ್ತಿದ್ದ ಕಾಲ ಅದು, ಕಾಟನ್‌ಗೂ ಅಷ್ಟೇ ತಾಸು ಸಿಕ್ಕಿದ್ದವು. ಮೊದಮೊದಲು ಇಂಗ್ಲಿಷ್ ಕಾಲುವೆಯ ಮೇಲೆ ಗಸ್ತು, ಆಮೇಲೆ ಫ್ರಾನ್ಸ್ ಮತ್ತು ಜರ್ಮನಿಯ ಮೇಲೆ ರಾತ್ರಿ ಬಾಂಬ್ ದಾಳಿ. ರಾತ್ರಿ ಹಾರುವ ಅಭ್ಯಾಸ ಆತನಿಗೆ ಆಗಲೇ ಆಯಿತು.

ಆ ವಿಮಾನಗಳಿಗೆ ಮೇಲೆ ಮುಚ್ಚಳವಿಲ್ಲ. ಮುಖಕ್ಕೆ ನೇರ ಗಾಳಿ. ಮೇಲೇರಿದಷ್ಟೂ ಕೈಕಾಲು ಮರಗಟ್ಟುತ್ತಿದ್ದವು. ಚಳಿಗಾಲದ ಒಂದು ದಿನ ಕಾಟನ್ ತನ್ನ ವಿಮಾನದ ಎಂಜಿನ್ ಬಿಚ್ಚಿ ಕೂತಿದ್ದಾಗ ಹಠಾತ್ತನೆ ಹಾರುವ ಆಜ್ಞೆ ಬಂತು. ಬಟ್ಟೆ ಬದಲಿಸುವಷ್ಟು ಹೊತ್ತಿಲ್ಲ. ಎಣ್ಣೆ, ಗ್ರೀಸು ಮೆತ್ತಿದ ಕೆಲಸದ ಅಂಗಿಯಲ್ಲೇ ಹೊರಟ. ಇಳಿದ ಮೇಲೆ ಉಳಿದವರೆಲ್ಲ ಚಳಿಗೆ ಗಡಗಡ ನಡುಗುತ್ತಿದ್ದರೆ ಆತನ ಮೈ ಬೆಚ್ಚಗಿತ್ತು. ಎಣ್ಣೆ ಕುಡಿದ ಬಟ್ಟೆ ಗಾಳಿಯನ್ನು ಒಳಗೆ ಬಿಡದೆ, ಮೈಯ ಕಾವನ್ನು ಹೊರಗೆ ಹೋಗಗೊಡದೆ ಹಿಡಿದಿಟ್ಟಿತ್ತು. ಇನ್ನೊಬ್ಬನಾಗಿದ್ದರೆ ಆಶ್ಚರ್ಯಪಟ್ಟು ಸುಮ್ಮನಾಗುತ್ತಿದ್ದ. ಕಾಟನ್ ಲಂಡನ್ನಿನ ಅಂಗಡಿಗೆ ಹೋಗಿ ಮೂರು ಪದರದ ಒಂದು ಇಡಿಯಂಗಿ ಹೊಲಿಸಿದ. ಒಳಗೆ ತೆಳು ತುಪ್ಪಳ, ನಡುವೆ ಗಾಳಿ ತೂರದ ರೇಷ್ಮೆ, ಹೊರಗೆ ಹಗುರಾದ ಬಿಗಿ ನೇಯ್ಗೆಯ ಬಟ್ಟೆ. ತನ್ನ ಹೆಸರಿನಿಂದಲೇ ಅದಕ್ಕೆ 'ಸಿಡ್‌ಕಾಟ್' ಎಂದು ಕರೆದ. 1917ರಿಂದ ಶುರುವಾದ ಈ ಉಡುಪನ್ನು ಬ್ರಿಟಿಷ್ ಪೈಲಟ್‌ಗಳು 1950ರ ದಶಕದವರೆಗೂ ತೊಟ್ಟರು. ಆತ ಮಾಡಿದ ಕೆಲಸಗಳಲ್ಲಿ ಯಾರ ತಕರಾರೂ ಇಲ್ಲದ್ದು ಇದೊಂದೇ.

ತಕರಾರಿಗೆ ಕೊರತೆ ಇರಲಿಲ್ಲ. ಮೇಲಧಿಕಾರಿಗಳೊಂದಿಗೆ ಜಗಳವಾಡಿ 1917ರ ಅಕ್ಟೋಬರಿನಲ್ಲಿ, ಯುದ್ಧ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ, ಕಾಟನ್ ಪಡೆ ಬಿಟ್ಟು ಹೊರಬಂದ. ಮುಂದಿನ ಇಪ್ಪತ್ತು ವರ್ಷ ದುಡ್ಡು ಮಾಡುವ, ಕಳೆಯುವ ವರ್ಷಗಳು. ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಹಾರಲು ಹೋಗಿ ದಾರಿಯಲ್ಲಿ ವಿಮಾನ ಕೆಡವಿಕೊಂಡ. ಕೆನಡಾದ ಪೂರ್ವಕ್ಕಿರುವ ನ್ಯೂಫೌಂಡ್‌ಲ್ಯಾಂಡಿನ ಹಿಮದ ಮೇಲೆ ಸೀಲ್ ಪ್ರಾಣಿಗಳ ಹಿಂಡು ಎಲ್ಲಿದೆಯೆಂದು ಆಕಾಶದಿಂದ ಹುಡುಕಿಕೊಡುವ ವ್ಯಾಪಾರ ಮಾಡಿದ. ಆಮೇಲೆ ಡುಫೇಕಲರ್ ಎಂಬ ಬಣ್ಣದ ಫಿಲ್ಮಿನ ವ್ಯವಹಾರಕ್ಕಿಳಿದ. ಈ ಚದುರಿದ ವ್ಯವಹಾರಗಳಿಂದ ಆತನ ಕೈಗೆ ಬಂದದ್ದು ಎರಡು: ನಕ್ಷೆಯಿಲ್ಲದ, ನಿಲ್ದಾಣವಿಲ್ಲದ ಕಡೆ ಹಾರಿ ಇಳಿಯುವ ಚಾಕಚಕ್ಯತೆ, ಕ್ಯಾಮೆರಾ ಮತ್ತು ಫಿಲ್ಮಿನ ತಿಳಿವಳಿಕೆ.

ಇವೆರಡೂ ಒಬ್ಬನಲ್ಲೇ ಇರುವುದನ್ನು ಗುರುತಿಸಿದವನು ಬ್ರಿಟಿಷ್ ಗುಪ್ತಚರ ಸಂಸ್ಥೆಯ ವಾಯು ವಿಭಾಗದ ಫ್ರೆಡರಿಕ್ ವಿಂಟರ್‌ಬಾಥಮ್. 1938–39ರಲ್ಲಿ ಜರ್ಮನಿ ಯುದ್ಧಕ್ಕೆ ಸಿದ್ಧವಾಗುತ್ತಿತ್ತು. ಅದರ ನೌಕಾನೆಲೆ, ಕಾರ್ಖಾನೆ, ವಿಮಾನ ನಿಲ್ದಾಣಗಳ ಚಿತ್ರ ಬೇಕಾಗಿತ್ತು; ಶಾಂತಿಕಾಲದಲ್ಲಿ ಸೈನ್ಯದ ವಿಮಾನ ಕಳಿಸುವಂತಿರಲಿಲ್ಲ. ಕಾಟನ್ ವ್ಯಾಪಾರಿಯ ವೇಷದಲ್ಲಿ ಲಾಕ್‌ಹೀಡ್ 12ಎ ಎಂಬ ಸಣ್ಣ ಪ್ರಯಾಣಿಕ ವಿಮಾನದಲ್ಲಿ ಓಡಾಡತೊಡಗಿದ. ವಿಮಾನದ ತಳದಲ್ಲಿ ಮೂರು ಕ್ಯಾಮೆರಾ: ಒಂದು ನೇರ ಕೆಳಕ್ಕೆ, ಉಳಿದೆರಡು ಎಡಬಲಕ್ಕೆ 40 ಡಿಗ್ರಿ ವಾರೆಯಾಗಿ. 21,000 ಅಡಿ ಎತ್ತರದಿಂದ ಸುಮಾರು 18 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಂದೇ ಹಾರಾಟದಲ್ಲಿ ಸೆರೆಹಿಡಿಯಬಹುದಿತ್ತು. ಕ್ಯಾಮೆರಾದ ಕಂಡಿಗೆ ಜಾರುಮುಚ್ಚಳ ಇದ್ದುದರಿಂದ ನೆಲದ ಮೇಲೆ ನಿಂತಾಗ ಎಲ್ಲಿ ಏನಿದೆ ಎಂಬುದೇ ಕಾಣುತ್ತಿರಲಿಲ್ಲ. ಅಷ್ಟು ಎತ್ತರದಲ್ಲಿ ಚಳಿಗೆ ಮಸೂರದ ಮೇಲೆ ಮಂಜು ಕಟ್ಟುವುದು ಎಲ್ಲರ ತಲೆನೋವು. ಈ ವಿಮಾನದಲ್ಲಿ ಕ್ಯಾಬಿನ್ನಿನ ಬಿಸಿಗಾಳಿ ಆ ಕಂಡಿಯ ಮೂಲಕವೇ ಹೊರಗೆ ಹರಿಯುತ್ತಿತ್ತು. ಮಸೂರ ತಿಳಿಯಾಗಿ ಉಳಿಯುತ್ತಿತ್ತು. ಜರ್ಮನ್ ವಾಯುಪಡೆಯ ಜನರಲ್ ಕೆಸೆಲ್‌ರಿಂಗ್‌ನನ್ನೇ ಕೂರಿಸಿಕೊಂಡು ಹಾರುತ್ತ, ಆತ ಪಕ್ಕದಲ್ಲಿರುವಾಗಲೇ ಜರ್ಮನ್ ನೆಲೆಗಳ ಚಿತ್ರ ತೆಗೆದೆ ಎಂದು ಕಾಟನ್ ಆಮೇಲೆ ಹೇಳಿಕೊಂಡ. ಸತ್ತ ವರ್ಷವೇ, 1969ರಲ್ಲಿ, ರಾಲ್ಫ್ ಬಾರ್ಕರ್‌ನ ಕೈಯಲ್ಲಿ ಬರೆಸಿದ ಆತನ ಆತ್ಮಕಥೆ ಹೊರಬಂತು. ಅದರಲ್ಲಿ ಕಾಟನ್ ಸೋತ ಪ್ರಸಂಗ ಕಡಿಮೆ. ಹಾಗಾಗಿ ಅದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಯುದ್ಧ ಶುರುವಾದ ಹದಿನೈದು ದಿನಕ್ಕೆ ನಡೆದ ಪ್ರಸಂಗಕ್ಕೆ ಮಾತ್ರ ಅನುಮಾನದ ಅಗತ್ಯವಿಲ್ಲ, ಅದರ ಪರಿಣಾಮ ದಾಖಲೆಯಲ್ಲಿದೆ. 1939ರ ಸೆಪ್ಟೆಂಬರ್ ನಡುವಿನಲ್ಲಿ ಡಚ್ ಕರಾವಳಿಯ ಬಂದರುಗಳ ಚಿತ್ರ ವಾಯುಪಡೆಗೆ ತುರ್ತಾಗಿ ಬೇಕಾಗಿತ್ತು. ಅದರ ಬ್ಲೆನ್‌ಹೀಮ್ ವಿಮಾನಗಳ ಕ್ಯಾಮೆರಾ ಚಳಿಗೆ ಹೆಪ್ಪುಗಟ್ಟುತ್ತಿದ್ದವು. ಸಲಹೆಗೆಂದು ಕರೆಸಿದ್ದ ಕಾಟನ್ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಲಾಕ್‌ಹೀಡ್‌ನಲ್ಲಿ ಹೋಗಿ ಬಂದು, ಮರುದಿನ ಅಧಿಕಾರಿಗಳ ಮೇಜಿನ ಮೇಲೆ ಚಿತ್ರಗಳನ್ನಿಟ್ಟ. ಯುದ್ಧಕ್ಕೆ ಮುಂಚಿನವೇ ಇರಬೇಕು ಎಂದುಕೊಂಡು ಅವರು ಮೆಚ್ಚಿ ಮಾತಾಡಿದರು. ನಿನ್ನೆ ತೆಗೆದವು ಎಂದು ತಿಳಿದಾಗ ಕೋಣೆಯಲ್ಲಿ ಗದ್ದಲವಾಯಿತು. ಶಿಸ್ತಿನ ದೃಷ್ಟಿಯಿಂದ ಇದು ಶಿಕ್ಷೆಗೆ ಅರ್ಹವಾದ ಕೆಲಸ. ಶಿಕ್ಷೆಯ ಬದಲು ಆತನಿಗೆ ಹುದ್ದೆ ಸಿಕ್ಕಿತು. ಲಂಡನ್ ಪಕ್ಕದ ಹೆಸ್ಟನ್ ನಿಲ್ದಾಣದಲ್ಲಿ ಹೊಸ ಛಾಯಾಗ್ರಹಣ ದಳಕ್ಕೆ, ತಾತ್ಕಾಲಿಕ ವಿಂಗ್ ಕಮಾಂಡರ್ ದರ್ಜೆಯಲ್ಲಿ, ಕಾಟನ್ ಮುಖ್ಯಸ್ಥನಾದ.

ಆ ದಳದ ಮೂಲ ವಿಚಾರ ಕಾಟನ್‌ನದಲ್ಲ. ಮಾರಿಸ್ ಲಾಂಗ್‌ಬಾಟಮ್ ಎಂಬ ಯುವ ಅಧಿಕಾರಿ 1939ರ ಆಗಸ್ಟಿನಲ್ಲೇ ಒಂದು ಟಿಪ್ಪಣಿ ಬರೆದಿದ್ದ: ಶತ್ರುವಿನ ಚಿತ್ರ ತೆಗೆಯುವ ವಿಮಾನ ಹೋರಾಡಬಾರದು, ಒಂಟಿಯಾಗಿ, ಎತ್ತರದಲ್ಲಿ, ವೇಗವಾಗಿ, ಯಾರ ಕಣ್ಣಿಗೂ ಬೀಳದೆ ಹೋಗಿ ಬರಬೇಕು. ಅದನ್ನು ಕಾರ್ಯರೂಪಕ್ಕೆ ತಂದದ್ದು ಕಾಟನ್. ವಾಯುಪಡೆ ಜೀವದಂತೆ ಕಾಪಾಡುತ್ತಿದ್ದ ಸ್ಪಿಟ್‌ಫೈರ್ ಯುದ್ಧವಿಮಾನಗಳಲ್ಲಿ ಎರಡನ್ನು ದಕ್ಕಿಸಿಕೊಂಡ. ಬಂದೂಕುಗಳನ್ನು ಕಿತ್ತು, ರೆಕ್ಕೆಯ ಸೀಳುಗಳನ್ನು ಮುಚ್ಚಿ, ಮೈಯನ್ನು ನುಣ್ಣಗೆ ತಿಕ್ಕಿಸಿದ. ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ ಹೆಚ್ಚಿತು. ಬಣ್ಣಕ್ಕೂ ಒಂದು ಕಥೆ ಇದೆ. ಹೆಸ್ಟನ್ನಿನಿಂದ ಮೇಲೇರಿದ ಜೋಧಪುರ ಮಹಾರಾಜರ ತಿಳಿಹಸಿರು ವಿಮಾನ ನೋಡನೋಡುತ್ತ ಆಕಾಶದಲ್ಲಿ ಕರಗಿಹೋದದ್ದನ್ನು ಕಂಡು ಅಂಥದೇ ಬಣ್ಣ ಬಳಿಸಿದೆ ಎಂದು ಕಾಟನ್ ಹೇಳಿದ್ದಾನೆ. 1939ರ ನವೆಂಬರ್ 18ರಂದು ಲಾಂಗ್‌ಬಾಟಮ್‌ನೇ ಇಂಥ ಸ್ಪಿಟ್‌ಫೈರಿನಲ್ಲಿ ಫ್ರಾನ್ಸಿನಿಂದ ಜರ್ಮನ್ ಗಡಿಯತ್ತ ಮೊದಲ ಹಾರಾಟ ಮಾಡಿದ. ಯುದ್ಧ ಮುಗಿಯುವವರೆಗೂ, ಅದಾದ ಮೇಲೂ, ಹಲವು ದೇಶಗಳ ವಾಯುಪಡೆಗಳು ನಡೆದದ್ದು ಇದೇ ದಾರಿಯಲ್ಲಿ.

1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಿತು. ಅಲ್ಲಿಂದ ಮರಳಿದ ಕಾಟನ್‌ನ ಕೈಗೆ ದಳದ ಅಧಿಕಾರ ಬೇರೆಯವರಿಗೆ ಹೋಗಿದೆ ಎಂಬ ಪತ್ರ ಬಂತು. ಸರಕಾರದ ವಿಮಾನದಲ್ಲಿ ಸಿರಿವಂತರನ್ನು ಪಾರುಮಾಡಿದ ಆರೋಪ ಒಂದು ಕಡೆ, ಕಚೇರಿಯ ಕಾಗದ-ಪತ್ರಗಳನ್ನು ಲೆಕ್ಕಿಸದ ಹಳೆಯ ಚಾಳಿ ಇನ್ನೊಂದು ಕಡೆ. ದಳ ಉಳಿಯಿತು, ಬೆಳೆಯಿತು. ಕಟ್ಟಿದವನಿಗೆ ಓಬಿಇ ಬಿರುದು ಸಿಕ್ಕಿತು. 1941ರಲ್ಲಿ ಆತ ವಾಯುಪಡೆಗೇ ರಾಜೀನಾಮೆ ಕೊಟ್ಟ. ಆತನ ಅಭಿಮಾನಿಗಳಿಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಹಾಗೆ ನೋಡಬೇಕಾಗಿಲ್ಲ. ನಿಯಮ ಮುರಿಯುವವನಿಂದ ಸಂಸ್ಥೆಗೆ ಉಪಕಾರವಾಗುವುದು ಅವನ ಬೆನ್ನ ಹಿಂದೆ ಅವನನ್ನು ತಡೆಯಬಲ್ಲವರು ಇರುವಷ್ಟು ಕಾಲ. ಹೆಸ್ಟನ್ನಿನಲ್ಲಿ ಕಾಟನ್ ತೆಗೆದ ಚಿತ್ರವನ್ನು ಏನು ಮಾಡಬೇಕೆಂದು ತೀರ್ಮಾನಿಸುತ್ತಿದ್ದವರು ಬೇರೆ. ಆ ಬೇರೆಯವರು ಒಂದು ಸಂಸತ್ತಿಗೆ, ಅದರ ಮೂಲಕ ಒಂದು ಜನತೆಗೆ ಉತ್ತರ ಹೇಳಬೇಕಾಗಿತ್ತು. ಎಂಟು ವರ್ಷದ ನಂತರ ಬೀದರಿನಲ್ಲಿ ಇಲ್ಲದೇ ಹೋದದ್ದು ಇದೇ.

1947ರ ಆಗಸ್ಟಿನಲ್ಲಿ ಹೈದರಾಬಾದ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರು, ಮರಾಠವಾಡದ ಮರಾಠಿಗರು, ತೆಲಂಗಾಣದ ತೆಲುಗರು ಸೇರಿ ಒಂದೂವರೆ ಕೋಟಿ ಮೀರಿದ ಜನರ ಸಂಸ್ಥಾನ. ಸುತ್ತ ನಾಲ್ಕು ದಿಕ್ಕಿಗೂ ಭಾರತದ ನೆಲ, ಸಮುದ್ರವಿಲ್ಲ, ಬಂದರಿಲ್ಲ. 1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಭಾರತದ ಪ್ರತಿನಿಧಿಯಾಗಿ ಕೆ.ಎಂ. ಮುನ್ಷಿ ಹೈದರಾಬಾದಿಗೆ ಬಂದರು. ಸಂಸ್ಥಾನದ ಪ್ರಧಾನಿಯಾಗಿ ಉದ್ಯಮಿ ಮೀರ್ ಲಾಯಕ್ ಅಲಿ ಅಧಿಕಾರ ವಹಿಸಿಕೊಂಡರು. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ರಜಾಕಾರ ಪಡೆ ಊರೂರಲ್ಲಿ ಬೆಳೆಯಿತು. ಭಾರತ ಶಸ್ತ್ರ ಕೊಡುತ್ತಿಲ್ಲ, ಸರಕು ತಡೆಯುತ್ತಿದೆ ಎಂದು ಹೈದರಾಬಾದಿನ ದೂರು. ಗಡಿಯಲ್ಲಿ ರಜಾಕಾರ ಹಾವಳಿ ನಿಲ್ಲುತ್ತಿಲ್ಲ ಎಂದು ಭಾರತದ ದೂರು.

ಹಾವಳಿ ಎಂಬ ಮಾತಿನ ಅರ್ಥ ಗೋರ್ಟಾದಲ್ಲಿ ತಿಳಿಯುತ್ತದೆ. ಗೋರ್ಟಾ (ಬಿ) ಇರುವುದು ಬಸವಕಲ್ಯಾಣ ಸೀಮೆಯಲ್ಲಿ, ಬೀದರ್ ಪಟ್ಟಣದ ಪಶ್ಚಿಮಕ್ಕೆ. ಆಗ ಬಸವಕಲ್ಯಾಣದ ಹೆಸರು ಕಲ್ಯಾಣಿ. ಊರ ಹೆಸರಿನ ಮುಂದಿನ 'ಬಿ' ಬುಜುರ್ಗ್ ಎಂಬುದರ ಗುರುತು. ಈ ಕಡೆ ಒಂದೇ ಹೆಸರಿನ ಎರಡು ಊರಿದ್ದರೆ ದೊಡ್ಡದು ಬುಜುರ್ಗ್, ಚಿಕ್ಕದು ಖುರ್ದ್. ಮೊಗಲಾಯಿ ಕಾಗದಪತ್ರಗಳ ಪಾರ್ಸಿ ಮಾತು ಹಾಗೇ ಉಳಿದುಕೊಂಡಿದೆ. 1948ರ ಮೇ 9 ಮತ್ತು 10ರಂದು ರಜಾಕಾರರು ಈ ಊರಿನ ಮೇಲೆ ಬಿದ್ದರು. ಸತ್ತವರು ಇನ್ನೂರರ ಆಸುಪಾಸು ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಗಟ್ಟಿ ಗೋಡೆಯ ಮನೆಯೊಂದರೊಳಗೆ ಸೇರಿಕೊಂಡವರು ಜೀವ ಉಳಿಸಿಕೊಂಡರು ಎಂಬುದು ಊರಿನ ನೆನಪು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಇದನ್ನು ಕರೆಯುವ ರೂಢಿ ಬಂದಿದೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಅಮೃತಸರದಲ್ಲಿ ಗುಂಡು ಹಾರಿಸಿದ್ದು ಸಮವಸ್ತ್ರದ ಸೈನ್ಯ, ಇಲ್ಲಿ ಕೊಂದದ್ದು ಸರಕಾರ ತಡೆಯದೇ ಬಿಟ್ಟ ಖಾಸಗಿ ಪಡೆ.

ಗೋರ್ಟಾದ ಕೊಲೆಗೂ ಕಾಟನ್ ತಂದ ಬಂದೂಕಿಗೂ ಗಂಟು ಹಾಕಿ ಹೇಳುವವರಿದ್ದಾರೆ. ಕಾಲದ ಲೆಕ್ಕ ಅದನ್ನು ಒಪ್ಪುವುದಿಲ್ಲ. ಗೋರ್ಟಾ ನಡೆದದ್ದು ಮೇ ತಿಂಗಳಲ್ಲಿ, ಆತನ ವಿಮಾನಗಳು ಪಾಕಿಸ್ತಾನದ ಕರಾಚಿಯಿಂದ ಬರತೊಡಗಿದ್ದು ಜೂನಿನಿಂದ. ಹಳ್ಳಿಗಳಲ್ಲಿ ರಜಾಕಾರರ ಕೈಯಲ್ಲಿದ್ದುದು ಬಹುಪಾಲು ಕತ್ತಿ, ಭರ್ಜಿ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕು. ಎರಡು ಲಕ್ಷದವರೆಗೂ ಇದ್ದರೆನ್ನಲಾದ ಅವರಲ್ಲಿ ಕಾಲುಭಾಗದವರ ಬಳಿ ಮಾತ್ರ ಹೊಸ ಶಸ್ತ್ರವಿತ್ತು ಎಂಬ ಅಂದಾಜಿದೆ. ನಿರಾಯುಧ ಹಳ್ಳಿಯನ್ನು ಕೊಲ್ಲಲು ಅಷ್ಟೇ ಸಾಕಾಯಿತು. ಕರಾಚಿಯಿಂದ ವಿಮಾನ ಬರಬೇಕಾಗಿರಲಿಲ್ಲ. ಹಾಗೆಂದು ಕಾಟನ್‌ನ ಹೊಣೆ ಕಡಿಮೆಯಾಗುವುದಿಲ್ಲ, ಬದಲಾಗಿ ಹೆಚ್ಚುತ್ತದೆ. ಗೋರ್ಟಾ ನಡೆದು ಒಂದು ತಿಂಗಳೂ ಆಗದಿರುವಾಗ ಅದನ್ನು ತಡೆಯದ ಸರಕಾರಕ್ಕೇ ಆತ ಶಸ್ತ್ರ ತಂದ. ಆ ಸರಕಾರದ ಆಶ್ರಯದಲ್ಲಿ ಏನೇನು ನಡೆಯುತ್ತಿದೆ ಎಂಬುದು ಅಷ್ಟರಲ್ಲಿ ಭಾರತದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಸಾಗಣೆಗೆ ಕಾಟನ್ ಆರಿಸಿಕೊಂಡದ್ದು ಆವ್ರೋ ಲಂಕಾಸ್ಟ್ರಿಯನ್. ಜರ್ಮನಿಯ ಊರುಗಳ ಮೇಲೆ ಬಾಂಬ್ ಸುರಿದ ಲಂಕಾಸ್ಟರ್ ವಿಮಾನವನ್ನೇ ತಿದ್ದಿ ಮಾಡಿದ ಪ್ರಯಾಣಿಕ ರೂಪ ಅದು. ನಾಲ್ಕು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್‌ಗಳು. ಹೆಸ್ಟನ್ನಿನ ಸ್ಪಿಟ್‌ಫೈರ್‌ಗಳಲ್ಲಿ ಇದ್ದುದೂ ಇದೇ ಎಂಜಿನ್, ಒಂದೊಂದು ಮಾತ್ರ. ಯುದ್ಧ ಮುಗಿದ ಮೇಲೆ ಇಂಥ ವಿಮಾನ ಮಾರುವವರೂ ಇದ್ದರು, ಕೆಲಸವಿಲ್ಲದ ನುರಿತ ಪೈಲಟ್‌ಗಳೂ ಇದ್ದರು. ಕರಾಚಿಯಿಂದ ಬೀದರಿಗೆ ನೇರ ಗೆರೆ ಎಳೆದರೆ ಸುಮಾರು 1,300 ಕಿಲೋಮೀಟರ್. ಲಂಕಾಸ್ಟ್ರಿಯನ್‌ಗೆ ನಾಲ್ಕು ತಾಸಿನ ಹಾದಿ. ನಡುವೆ ಎಲ್ಲೂ ಇಳಿಯದೆ ಹೋಗಿ ಬರುವಷ್ಟು ಇಂಧನ ಅದರ ಹೊಟ್ಟೆಯಲ್ಲಿ ಹಿಡಿಯುತ್ತಿತ್ತು. ಹಾರಾಟ ರಾತ್ರಿ, ಎತ್ತರದಲ್ಲಿ, ಕತ್ತಲೆಯ ಮರೆಯಲ್ಲಿ. ಲಾಂಗ್‌ಬಾಟಮ್‌ನ ಟಿಪ್ಪಣಿಯ ಒಂದೊಂದು ಮಾತೂ ಇಲ್ಲಿ ಕಾಣುತ್ತದೆ: ಹೋರಾಡಬೇಡ, ಎತ್ತರದಲ್ಲಿ ಹೋಗು, ಕಣ್ಣಿಗೆ ಬೀಳಬೇಡ. ಕ್ಯಾಮೆರಾ ಇದ್ದ ಜಾಗದಲ್ಲಿ ಈಗ ಬಂದೂಕು ಮತ್ತು ಮದ್ದುಗುಂಡಿನ ಪೆಟ್ಟಿಗೆಗಳು.

ಭಾರತ ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ದೇಶ ವಿಭಜನೆಯ ಜೊತೆಗೆ ವಾಯುಪಡೆಯೂ ಒಡೆದು ಒಂದು ವರ್ಷ ಆಗಿರಲಿಲ್ಲ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ಇದ್ದ ಟೆಂಪೆಸ್ಟ್ ಯುದ್ಧವಿಮಾನಗಳು ಹಗಲಿನವು. ಕತ್ತಲಲ್ಲಿ ಒಂಟಿ ವಿಮಾನವೊಂದನ್ನು ಹುಡುಕಿ ಕೆಡವಲು ಬೇಕಾದ ರೇಡಾರ್ ಜಾಲ ದಖ್ಖನಿನ ಮೇಲೆ ಇರಲಿಲ್ಲ. ದಿಲ್ಲಿ ಮಾಡಬಹುದಾಗಿದ್ದುದು ಲಂಡನ್ನಿಗೆ ದೂರು ಕೊಡುವುದು. ಅದನ್ನು ಮಾಡಿತು.

ಕಾಟನ್‌ನ ಪರವಾಗಿ ಹೇಳುವ ಒಂದು ವಾದವನ್ನು ತಳ್ಳಿಹಾಕದೆ ನೋಡಬೇಕು. ಸಂಸ್ಥಾನಕ್ಕೆ ಸರಕು ಬರುವ ದಾರಿಗಳು ಬಿಗಿಯಾಗಿದ್ದವು, ಔಷಧಿಗೂ ತತ್ವಾರವಾಗಿತ್ತು ಎಂದು ಹೈದರಾಬಾದ್ ಸರಕಾರ ಗಟ್ಟಿಯಾಗಿಯೇ ದೂರಿತು. ಅದರಲ್ಲಿ ಸತ್ಯವಿತ್ತು, ದಿಗ್ಬಂಧನದ ಬಿಸಿ ಮೊದಲು ತಟ್ಟುವುದು ಅರಮನೆಗಲ್ಲ, ಆಸ್ಪತ್ರೆಗೆ. ಕಾಟನ್‌ನ ವಿಮಾನಗಳು ಬರೀ ಔಷಧಿಯನ್ನು ತಂದಿದ್ದರೆ ಇಂದು ಬೀದರಿನಲ್ಲಿ ಆತನ ಹೆಸರಿನ ರಸ್ತೆಯೊಂದು ಇರಬಹುದಿತ್ತೇನೋ. ಬಂದೂಕಿನ ಜೊತೆಗೆ ಬಂದ ಔಷಧಿಗೆ ಆ ಮರ್ಯಾದೆ ಸಲ್ಲುವುದಿಲ್ಲ. ಶಸ್ತ್ರವನ್ನು ತರಿಸಿಕೊಳ್ಳುತ್ತಿದ್ದ ಸರಕಾರ ಸಂಸ್ಥಾನದ ಬಹುಸಂಖ್ಯಾತರ ಒಪ್ಪಿಗೆಯನ್ನು ಯಾವತ್ತೂ ಕೇಳಿರಲಿಲ್ಲ. ಕೇಳಬೇಕೆಂದು ಹೋರಾಡಿದ ಸ್ಟೇಟ್ ಕಾಂಗ್ರೆಸ್ಸಿನವರು ಜೈಲಿನಲ್ಲಿದ್ದರು, ಇಲ್ಲವೇ ಗಡಿಯಾಚೆಯ ಶಿಬಿರಗಳಲ್ಲಿದ್ದರು.

ಈ ಸಾಗಣೆಯ ನಿಜವಾದ ಹಾನಿಯನ್ನು ಬಂದೂಕಿನ ಎಣಿಕೆಯಲ್ಲಿ ಹುಡುಕಬಾರದು. 1948ರ ಜೂನಿನಲ್ಲಿ, ಮೌಂಟ್‌ಬ್ಯಾಟನ್ ಭಾರತ ಬಿಟ್ಟು ಹೊರಡುವ ಮುನ್ನ, ಹೈದರಾಬಾದಿಗೆ ಸಾಕಷ್ಟು ಸ್ವಾಯತ್ತತೆ ಉಳಿಸುವ ಒಪ್ಪಂದದ ಕರಡು ಸಿದ್ಧವಾಗಿತ್ತು. ವಲ್ಲಭಭಾಯಿ ಪಟೇಲರಿಗೆ ಅದು ಹೆಚ್ಚಾಯಿತು ಅನಿಸಿತ್ತು, ಆದರೂ ಸಹಿ ಹಾಕಿದ್ದರು. ನಿಜಾಮ ಒಪ್ಪಲಿಲ್ಲ. ಜೂನ್ 21ಕ್ಕೆ ಮೌಂಟ್‌ಬ್ಯಾಟನ್ ಹೊರಟುಹೋದರು. ಅಂಥ ಕರಡು ಮತ್ತೆ ಬರಲಿಲ್ಲ. ಒಪ್ಪದಿರಲು ಕಾರಣಗಳು ಹಲವು: ರಜ್ವಿಯ ಒತ್ತಡ, ನಿಜಾಮನ ಸ್ವಂತ ಹಟ, ವಿಶ್ವಸಂಸ್ಥೆಯ ಮೇಲಿನ ನಂಬಿಕೆ. ಅದೇ ತಿಂಗಳು ಆಕಾಶದಿಂದ ಇಳಿಯತೊಡಗಿದ ಪೆಟ್ಟಿಗೆಗಳೂ ಆ ಕಾರಣಗಳಲ್ಲಿ ಒಂದು. ಬಂದರಿಲ್ಲದ ನಾಡಿಗೆ ಹೊರಗಿನ ದಾರಿಯೊಂದು ತೆರೆಯಿತು ಎಂಬ ಭಾವನೆ ಹುಟ್ಟಿತು. ಆ ದಾರಿಯಲ್ಲಿ ರೈಫಲ್ ಬರಬಹುದು; ಟ್ಯಾಂಕು ಬರುವುದಿಲ್ಲ, ತೋಪು ಎಳೆಯುವ ಲಾರಿ ಬರುವುದಿಲ್ಲ, ವಾಯುಪಡೆ ಬರುವುದಿಲ್ಲ. ಕೆಲವೇ ವಿಮಾನಗಳು ತಿಂಗಳುಗಟ್ಟಲೆ ಹೊತ್ತರೂ ಅದು ಇಪ್ಪತ್ತು ಸಾವಿರ ಮೀರಿದ ರಾಜ್ಯದ ಸೈನ್ಯಕ್ಕೆ ಕೆಲವು ದಿನದ ಕಾಳಗದ ಸಾಮಗ್ರಿ. ಈ ಲೆಕ್ಕ ಸೈನ್ಯದ ಮುಖ್ಯಸ್ಥ ಎಲ್ ಎದ್ರೂಸರಂಥ ಅನುಭವಿಗೆ ಗೊತ್ತಿರಲಾರದೆಂದು ನಂಬುವುದು ಕಷ್ಟ. ತೀರ್ಮಾನ ತೆಗೆದುಕೊಳ್ಳುತ್ತಿದ್ದವರು ಲೆಕ್ಕಕ್ಕಿಂತ ಎಂಜಿನ್ನಿನ ಸದ್ದನ್ನೇ ನಂಬಿದರು.

ಪರೀಕ್ಷೆ ಸೆಪ್ಟೆಂಬರ್ 13ರಂದು ಬಂತು. ಸೊಲ್ಲಾಪುರದ ಕಡೆಯಿಂದ ಭಾರತೀಯ ಸೈನ್ಯದ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ಪಡೆ ನಳದುರ್ಗ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿಯಿತು. ಮರುದಿನ ಉಮರ್ಗಾದಿಂದ ರಾಜೇಶ್ವರದತ್ತ ಸಾಗುವಾಗ ದಾರಿಯುದ್ದಕ್ಕೂ ಹೊಂಚುಹಾಕಿದ ತಾಣಗಳಿವೆ ಎಂದು ಮೇಲಿಂದ ಸುಳಿವು ಹಿಡಿದ ವಿಮಾನಗಳು ತಿಳಿಸಿದವು. ಟೆಂಪೆಸ್ಟ್‌ಗಳು ಬಂದು ಆ ತಾಣಗಳನ್ನು ಬಡಿದವು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಕೈವಶವಾಯಿತು. ಬಸವಕಲ್ಯಾಣ–ಹುಮನಾಬಾದ್ ನಡುವಿನ ಈ ಊರಿನ ಮೇಲೆ ನಡೆದದ್ದನ್ನು ಕಾಟನ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದ: ಮೊದಲು ಆಕಾಶದಿಂದ ನೋಡಿಕೋ, ಆಮೇಲೆ ಹೆಜ್ಜೆ ಇಡು. ಅದು ಅವನದೇ ಪಾಠ. ಹುಮನಾಬಾದ್ ದಾಟಿ ಪಡೆ ಜಹೀರಾಬಾದಿನತ್ತ ನಡೆಯಿತು. 17ರ ನಸುಕಿನಲ್ಲಿ ಸೈನ್ಯ ಬೀದರ್ ಹೊಕ್ಕಿತು. ಅಂದೇ ಸಂಜೆ ನಿಜಾಮ ಕದನವಿರಾಮ ಸಾರಿದ. 18ರಂದು ಎಲ್ ಎದ್ರೂಸ್ ಶರಣಾದರು. ಮೂರು ತಿಂಗಳು ಕತ್ತಲಲ್ಲಿ ತಂದ ಶಸ್ತ್ರ ಐದು ದಿನವೂ ತಡೆಯಲಿಲ್ಲ.

ಊರುಗಳ ಕಷ್ಟ ಅಲ್ಲಿಗೇ ಮುಗಿಯಲೂ ಇಲ್ಲ. ಪೊಲೀಸ್ ಆಕ್ಷನ್ ಎಂದು ಇಲ್ಲಿನ ಜನ ಕರೆಯುವ ಆ ದಿನಗಳ ಬೆನ್ನಿಗೇ ಸೇಡಿನ ಕೊಲೆಗಳು ನಡೆದವು. ಈ ಸಲ ಸತ್ತವರು ಮುಸಲ್ಮಾನರು. ಸರಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ವರೆಗೆ ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಕಲಬುರಗಿ ಎರಡೂ ಇದ್ದವು. ಗೋರ್ಟಾದ ಸತ್ತವರನ್ನು ನೆನೆಯುವ ಭಾಷಣಗಳಲ್ಲಿ ಇವರ ಪ್ರಸ್ತಾಪ ಬರುವುದು ಅಪರೂಪ. ಲಾಯಕ್ ಅಲಿ ಸರಕಾರ ಜೂನಿನಲ್ಲಿ ಕೈಬಿಟ್ಟ ಕರಡಿನ ಬೆಲೆ ತೆತ್ತವರಲ್ಲಿ ಇವರೂ ಸೇರಿದ್ದಾರೆ.

ಕಾಟನ್ ತೆತ್ತ ಬೆಲೆ 200 ಪೌಂಡ್. ವಾಯುಸಂಚಾರ ಕಾಯಿದೆ ಮುರಿದದ್ದಕ್ಕೆ ಬ್ರಿಟನ್ನಿನಲ್ಲಿ ಆತನ ಮೇಲೆ ಮೊಕದ್ದಮೆ ನಡೆದು ಬಿದ್ದ ದಂಡ ಅದು. ಆಮೇಲೆ ಅರಬ್ ದೇಶಗಳಲ್ಲಿ ವ್ಯವಹಾರಕ್ಕೆ ಕೈಹಾಕಿ, ಗಳಿಸಿದ್ದನ್ನೆಲ್ಲ ಕಳೆದುಕೊಂಡು, 1969ರ ಫೆಬ್ರವರಿ 13ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡ. ಗೋರ್ಟಾದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ. 2023ರ ಮಾರ್ಚ್ 26ರಂದು ಅಲ್ಲಿ 103 ಅಡಿ ಎತ್ತರದ ಧ್ವಜಸ್ತಂಭದ ಮೇಲೆ ತ್ರಿವರ್ಣ ಧ್ವಜ ಹಾರಿಸಲಾಯಿತು. ಬೀದರ್ ಭಾರತೀಯ ವಾಯುಪಡೆಯ ತರಬೇತಿ ನೆಲೆಯಾಗಿದೆ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಪಡೆಗೆ ಸೇರಿದ್ದು ಅಲ್ಲೇ, ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡದ ಮನೆಯೂ ಅದೇ.

ಶಸ್ತ್ರದ ಲೆಕ್ಕ ಮಾತ್ರ ಲಂಡನ್ನಿನಲ್ಲಿ ಬಾಕಿ ಉಳಿದಿತ್ತು. 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಬೀಳುವ ಹೊತ್ತಿಗೆ, ಸಂಸ್ಥಾನದ ಹತ್ತು ಲಕ್ಷ ಪೌಂಡ್ ಮೀರಿದ ಹಣ ಲಂಡನ್ನಿನ ಬ್ಯಾಂಕಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ಹೋಗಿತ್ತು. ಆ ಹಣ ಯಾರದೆಂಬ ವ್ಯಾಜ್ಯ ಏಳು ದಶಕ ನಡೆಯಿತು. ತಾನು ಹೈದರಾಬಾದಿಗೆ ಶಸ್ತ್ರ ಒದಗಿಸಿದ್ದರ ಪರಿಹಾರ ಅದು ಎಂದು ಪಾಕಿಸ್ತಾನ ವಾದಿಸಿತು; ಹೀಗೆ ಕಾಟನ್‌ನ ರಾತ್ರಿ ಹಾರಾಟಗಳು ನ್ಯಾಯಾಲಯದ ಚರ್ಚೆಗೆ ಬಂದವು. 2019ರ ಅಕ್ಟೋಬರ್ 2ರಂದು ಲಂಡನ್ ಹೈಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಬಡ್ಡಿ ಸೇರಿ ಮೂರೂವರೆ ಕೋಟಿ ಪೌಂಡಿನಷ್ಟಾಗಿದ್ದ ಹಣ ಭಾರತಕ್ಕೂ ನಿಜಾಮನ ವಾರಸುದಾರರಿಗೂ ಸೇರಿದ್ದೆಂದು ತೀರ್ಪಾಯಿತು.